ಇಳುವರಿಯ ಲೆಕ್ಕ, ಉಳಿಕೆಯ ಲೆಕ್ಕ: ಗಡಿಸೀಮೆಯ ರಸಾಯನಶಾಸ್ತ್ರ ಸಂಶೋಧನಾ ತರಬೇತಿ ಕುರಿತು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಮುಖ್ಯ ಭಾಗವಿದೆ.)

1. ವಿಷಯ ಮತ್ತು ಸೀಮೆ

ಇವತ್ತಿನ ಗೋಷ್ಠಿಗೆ ಕೊಟ್ಟ ವಿಷಯ ತಂತ್ರಜ್ಞಾನ ಆಧಾರಿತ ರಾಸಾಯನಿಕ ಸಂಶ್ಲೇಷಣೆ ಮತ್ತು ಅದಕ್ಕೆ ಬೇಕಾದ ಸ್ನಾತಕೋತ್ತರ ಸಂಶೋಧನಾ ತರಬೇತಿ. ವಿಷಯ ದೊಡ್ಡದು. ಹಾಗಾಗಿ ನಾನು ಇದನ್ನು ಒಂದು ಸೀಮೆಗೆ ಕಟ್ಟಿಕೊಂಡು ಮಾತಾಡ್ತೇನೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ, ಈ ಮೂರು ಊರು ಈಗ ತೆಲಂಗಾಣದಲ್ಲಿವೆ. ಗದ್ವಾಲ ಮತ್ತು ಆಲಂಪುರ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯ ತನಕ ರಾಯಚೂರು ಜಿಲ್ಲೆಗೆ ಸೇರಿದ್ದವು, ಆಮೇಲೆ ಮಹಬೂಬ್‌ನಗರಕ್ಕೆ ಹೋದವು. 2016ರಲ್ಲಿ ಜೋಗುಳಾಂಬಾ ಗದ್ವಾಲ ಜಿಲ್ಲೆ ಆಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆ ಆಯಿತು. ಜಿಲ್ಲೆಯ ಹೆಸರು ಬದಲಾದರೂ ಮನೆಯೊಳಗಿನ ಕನ್ನಡ ಬದಲಾಗಲಿಲ್ಲ. ಕೃಷ್ಣಾ ಮಂಡಲದ ಕಡೆ ಇವತ್ತಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ.

ಈ ಸೀಮೆಯ ಹುಡುಗ ಅಥವಾ ಹುಡುಗಿ ಬಿ.ಎಸ್ಸಿ. ಮುಗಿಸಿ ಕೆಮಿಸ್ಟ್ರಿ ಓದಬೇಕು ಅಂದರೆ ಎರಡು ದಾರಿ. ಒಂದು, 2008ರಲ್ಲಿ ಸ್ಥಾಪನೆಯಾದ ಮಹಬೂಬ್‌ನಗರದ ಪಾಲಮೂರು ವಿಶ್ವವಿದ್ಯಾಲಯದ ಕಡೆ ಹೋಗುವುದು. ಅದರದೇ ಒಂದು ಸ್ನಾತಕೋತ್ತರ ಕೇಂದ್ರ ಗದ್ವಾಲದಲ್ಲೂ ಇದೆ. ಇನ್ನೊಂದು, ಹೊಳೆ ದಾಟಿ ರಾಯಚೂರು, ಕಲಬುರಗಿ ಕಡೆ ಬರುವುದು. ಯಾವ ದಾರಿ ಹಿಡಿದರೂ ಕೊನೆಗೆ ಬಹಳ ಮಂದಿ ಸೇರುವ ಊರು ಹೈದರಾಬಾದ್. ಎಂ.ಎಸ್ಸಿ. ಆರ್ಗ್ಯಾನಿಕ್ ಕೆಮಿಸ್ಟ್ರಿ ಅಂದರೆ ಈ ಕಡೆ ಪದವಿಯ ಹೆಸರಿಗಿಂತ ಹೆಚ್ಚಾಗಿ ನೌಕರಿಯ ಹೆಸರು. ಔಷಧ ಕಂಪನಿಯ ಕ್ಯೂಸಿ, ಪ್ರೊಡಕ್ಷನ್, ಆರ್ ಅಂಡ್ ಡಿ, ಈ ಮೂರರಲ್ಲಿ ಒಂದಕ್ಕೆ ಅದು ಟಿಕೆಟ್ ಅಂತ ಮನೆಯವರಿಗೂ ಗೊತ್ತು.

ನನ್ನ ಮಾತಿನ ಸಾರ ಮೊದಲೇ ಹೇಳಿಬಿಡ್ತೇನೆ. ಹೊಸ ತಂತ್ರಜ್ಞಾನದ ಸಂಶ್ಲೇಷಣೆ ನಿಂತಿರುವುದು ಬರೆದಿಟ್ಟ ದಾಖಲೆಯ ಮೇಲೆ. ನಮ್ಮ ತರಬೇತಿ ಎರಡು ಸಂಗತಿಗಳನ್ನು ದಾಖಲೆಯಿಂದ ಹೊರಗಿಡುತ್ತದೆ: ಕೆಟ್ಟುಹೋದ ಪ್ರಯೋಗ ಮತ್ತು ಮೋರಿಗೆ ಹೋದ ನೀರು. ಈ ಎರಡನ್ನು ಬರೆಯಲು ಕಲಿಸದೆ ಎಷ್ಟು ಯಂತ್ರ ತಂದರೂ ತರಬೇತಿ ಬದಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಸೀಮೆಯ ಜನಕ್ಕೆ ಆ ತರಬೇತಿಯಿಂದ ಉಪಯೋಗ ಆಗುವುದಿಲ್ಲ.

2. ತಂತ್ರಜ್ಞಾನ ಆಧಾರಿತ ಅಂದರೆ ಏನು?

ಸಂಶ್ಲೇಷಣೆ ಅಂದರೆ ಚಿಕ್ಕ ಅಣುಗಳಿಂದ ಬೇಕಾದ ಅಣುವನ್ನು ಕಟ್ಟುವುದು. ಬಹುಕಾಲ ಇದು ಕೈಗುಣದ ಕೆಲಸವಾಗಿತ್ತು. ಫ್ಲಾಸ್ಕಿನಲ್ಲಿ ಹಾಕು, ಕಲಕು, ಕಾಯಿಸು, ಟಿಎಲ್‌ಸಿ ನೋಡು, ಸೋಸು, ತೂಕ ಮಾಡು. ಇದರೊಳಗೆ ಯಂತ್ರ ಬಂದದ್ದು ನಿನ್ನೆ ಮೊನ್ನೆ ಅಲ್ಲ. 1963ರಲ್ಲಿ ಮೆರಿಫೀಲ್ಡ್ ಪೆಪ್ಟೈಡ್ ಸರಪಳಿಯನ್ನು ಘನ ಆಧಾರದ ಮೇಲೆ ಒಂದೊಂದೇ ಕೊಂಡಿ ಹಚ್ಚಿ ಕಟ್ಟುವ ವಿಧಾನ ತೋರಿಸಿದರು. ಅದನ್ನು ಯಂತ್ರಕ್ಕೆ ಒಪ್ಪಿಸುವುದು ಸುಲಭವಾಯಿತು, 1984ರಲ್ಲಿ ನೊಬೆಲ್ ಬಂತು. 1969ರಲ್ಲಿ ಕೋರಿ ಮತ್ತು ವಿಪ್ಕೆ, ಒಂದು ಅಣುವನ್ನು ಹಿಂದಿನಿಂದ ಬಿಡಿಸಿ ದಾರಿ ಹುಡುಕುವ ಕೆಲಸವನ್ನು ಕಂಪ್ಯೂಟರಿಗೆ ಹಚ್ಚಿದರು.

ಈಗ ಆ ಎಳೆಗಳೆಲ್ಲ ಒಂದು ಕಡೆ ಸೇರಿವೆ. ಫ್ಲೋ ಕೆಮಿಸ್ಟ್ರಿ ಅಂದರೆ ಹಂಡೆಯ ಬದಲು ಸಣ್ಣ ಕೊಳವೆ: ರಿಯಾಕ್ಷನ್ ಹರಿಯುತ್ತಾ ನಡೆಯುತ್ತದೆ, ಯಾವ ಗಳಿಗೆಯಲ್ಲೂ ಒಳಗಿರುವ ಅಪಾಯದ ವಸ್ತು ಸ್ವಲ್ಪವೇ, ಶಾಖ ಬೇಗ ಹೊರಗೆ ಹೋಗುತ್ತದೆ. ಗ್ಲಾಸ್ಗೋದ ಲೀ ಕ್ರೋನಿನ್ ಅವರ ಗುಂಪು 2019ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ರೋಬೋಟ್ ಒಂದು ಬರೆದ ವಿಧಾನವನ್ನು ಓದಿ ಔಷಧ ಅಣುಗಳನ್ನು ತಯಾರಿಸಿತು. ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ 2019ರಲ್ಲಿ ಇದಕ್ಕೆಂದೇ ಡಾಕ್ಟರಲ್ ತರಬೇತಿ ಕೇಂದ್ರ ಶುರುವಾಯಿತು. ಸಂಶ್ಲೇಷಣೆಯ ಜೊತೆ ಕೋಡಿಂಗ್, ಯಾಂತ್ರೀಕರಣ, ಫ್ಲೋ, ಅಂಕಿಅಂಶ ಎಲ್ಲವನ್ನೂ ಕಲಿಸಿ ಆಮೇಲೆ ಪಿಎಚ್.ಡಿ. ವಿಷಯಕ್ಕೆ ಬಿಡುವ ಕ್ರಮ ಅದು. ನಮ್ಮ ಸಮೀಪದಲ್ಲೂ ಇಲ್ಲವೆಂದಲ್ಲ. ಹೈದರಾಬಾದಿನಲ್ಲಿ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಇದೆ, ಡಾ. ರೆಡ್ಡೀಸ್ ಜೀವವಿಜ್ಞಾನ ಸಂಸ್ಥೆಯಲ್ಲಿ ಫ್ಲೋ ಕೆಮಿಸ್ಟ್ರಿ ಕೇಂದ್ರ ಇದೆ, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಕೊಳವೆ ರಿಯಾಕ್ಟರುಗಳ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ.

ಆದರೆ ಈ ಹೊಸ ಮಾತು ಜಿಲ್ಲಾ ಕೇಂದ್ರದ ಕಾಲೇಜಿಗೆ ಬರುವಾಗ ಹೇಗೆ ಬರುತ್ತದೆ? ಎರಡು ದಿನದ ಕಾರ್ಯಾಗಾರ, ಪರದೆಯ ಮೇಲೆ ಯಂತ್ರದ ಚಿತ್ರ, ಕೊನೆಗೆ ಸರ್ಟಿಫಿಕೇಟ್. ವಿದ್ಯಾರ್ಥಿಗೆ ಉಳಿಯುವ ಪಾಠ ಏನು ಅಂದರೆ, ಇದು ನಮಗಲ್ಲ, ಯಂತ್ರ ಇದ್ದವರಿಗೆ ಅಂತ. ನನ್ನ ಮೊದಲ ತಕರಾರು ಇಲ್ಲಿದೆ. ಯಂತ್ರ ಈ ವಿದ್ಯೆಯ ಕೊನೆಯ ಮೆಟ್ಟಿಲು. ನಾವು ಅದನ್ನು ಮೊದಲ ಮೆಟ್ಟಿಲು ಅಂತ ತೋರಿಸುತ್ತಿದ್ದೇವೆ.

3. ಕೆಟ್ಟ ಪ್ರಯೋಗದ ಬೆಲೆ

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಅಮೆರಿಕದ ಹ್ಯಾವರ್‌ಫೋರ್ಡ್ ಕಾಲೇಜ್ ಒಂದು ಸಣ್ಣ ಕಾಲೇಜು, ಪದವಿ ಮಟ್ಟದ್ದು. ಅಲ್ಲಿಯ ಸಂಶೋಧಕರು 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಮಾಡಿದ್ದು ಔಷಧದ ಕೆಲಸವಲ್ಲ, ಹರಳು ಬೆಳೆಸುವ ಕೆಲಸ. ವರ್ಷಾನುಗಟ್ಟಲೆ ತಮ್ಮ ಲ್ಯಾಬ್ ನೋಟ್‌ಬುಕ್ಕಿನಲ್ಲಿ ಬಿದ್ದಿದ್ದ ಸುಮಾರು ನಾಲ್ಕು ಸಾವಿರ ಪ್ರಯೋಗಗಳನ್ನು ಹೊರತೆಗೆದು ಕಂಪ್ಯೂಟರಿಗೆ ಕಲಿಸಿದರು. ಅವುಗಳಲ್ಲಿ ಹರಳು ಬಾರದೆ ಕೆಟ್ಟುಹೋದ ಪ್ರಯೋಗಗಳೂ ಸೇರಿದ್ದವು. ಅಂಥವನ್ನು ಅವರು ಕತ್ತಲೆಯ ಪ್ರಯೋಗಗಳು ಅಂತ ಕರೆದರು, ಯಾಕಂದರೆ ಅವು ಎಂದೂ ಬೆಳಕು ಕಾಣುವುದಿಲ್ಲ. ಹೊಸ ಪ್ರಯೋಗಗಳನ್ನು ಸೂಚಿಸಿದಾಗ ಕಂಪ್ಯೂಟರಿನ ಊಹೆ ನೂರಕ್ಕೆ 89 ಸಲ ಸರಿ ಬಂತು. ಅನುಭವಿ ಮನುಷ್ಯರ ಊಹೆ 78.

ಗಮನಿಸಿ, ಅವರ ಬಂಡವಾಳ ರೋಬೋಟ್ ಅಲ್ಲ, ನೋಟ್‌ಬುಕ್. ಬರೀ ಗೆದ್ದ ಪ್ರಯೋಗ ತೋರಿಸಿದರೆ ಯಂತ್ರ ಏನೂ ಕಲಿಯುವುದಿಲ್ಲ. ಯಾವ ಹಾದಿಯಲ್ಲಿ ಮುಳ್ಳಿದೆ ಅಂತ ಗೊತ್ತಿರಬೇಕಾದರೆ ಮುಳ್ಳು ತುಳಿದವರು ಅದನ್ನು ಬರೆದಿಟ್ಟಿರಬೇಕು.

ಈಗ ನಮ್ಮ ಕಡೆಯ ಪ್ರಾಕ್ಟಿಕಲ್ ರೆಕಾರ್ಡ್ ನೆನಪಿಸಿಕೊಳ್ಳಿ. ಇದು ಒಂದು ವಿಶ್ವವಿದ್ಯಾಲಯದ ಮಾತಲ್ಲ, ದೇಶದುದ್ದಕ್ಕೂ ಬೆಳೆದು ಬಂದ ರೂಢಿ. ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ, ಇಳುವರಿ. ಅಂದವಾದ ಅಕ್ಷರ, ಗೆರೆ ಹಾಕಿದ ಪುಟ, ಪ್ರತಿ ಪುಟಕ್ಕೂ ಸಹಿ. ಒಳಗಿನ ಸಂಖ್ಯೆ ಹೆಚ್ಚಿನ ಸಲ ಹಿಂದಿನ ವರ್ಷದವರ ರೆಕಾರ್ಡಿನಿಂದ ಬಂದದ್ದು. ಆಸ್ಪಿರಿನ್ ಮಾಡುವಾಗ ಇಳುವರಿ ಎಲ್ಲರಿಗೂ ಎಪ್ಪತ್ತರ ಮೇಲೆ ಬರುತ್ತದೆ. ನೀರು ಸೇರಿ ಕೆಟ್ಟದ್ದು, ಸೋಸುವಾಗ ಚೆಲ್ಲಿದ್ದು ಯಾರ ರೆಕಾರ್ಡಿನಲ್ಲೂ ಇಲ್ಲ. ಹುಡುಗರನ್ನು ದೂರಬೇಡಿ. ನಾವು ಅಂಕ ಕೊಡುವುದು ಸಂಖ್ಯೆ ಸರಿ ಇದ್ದರೆ, ಸಂಖ್ಯೆ ನಿಜ ಇದ್ದರೆ ಅಲ್ಲ. ಕಡಿಮೆ ಇಳುವರಿ ಬರೆದವನಿಗೆ ವೈವಾದಲ್ಲಿ ಬೈಗುಳ. ಹೀಗೆ ಎರಡು ವರ್ಷ ಪಳಗಿದವರಿಗೆ ಪಿಎಚ್.ಡಿ. ಸೇರಿದ ಮೇಲೆ ಸಂಶೋಧನಾ ನೀತಿಯ 2 ಕ್ರೆಡಿಟ್ ಪಾಠ ಕಡ್ಡಾಯ ಅಂತ ಯುಜಿಸಿ 2019ರಲ್ಲಿ ನಿರ್ಧರಿಸಿತು. ಪಾಠ ಇರಲಿ, ಒಳ್ಳೆಯದೇ. ಆದರೆ ಮೊದಲ ಸೆಮಿಸ್ಟರಿನ ರೆಕಾರ್ಡಿನಲ್ಲಿ ಕಲಿತದ್ದನ್ನು ಐದಾರು ವರ್ಷ ಆದ ಮೇಲೆ ಎರಡು ಕ್ರೆಡಿಟ್ಟಿನಲ್ಲಿ ಮರೆಸುವುದು ಕಷ್ಟ.

ಇದರ ಪೆಟ್ಟು ಕಾಲೇಜಿನ ಗೋಡೆಯೊಳಗೆ ನಿಲ್ಲುವುದಿಲ್ಲ. ಔಷಧ ಕಾರ್ಖಾನೆಯಲ್ಲಿ ಒಂದು ಮಾತಿದೆ: ಬರೆದಿಲ್ಲ ಅಂದರೆ ಮಾಡಿಲ್ಲ. ಪ್ರತಿ ಬ್ಯಾಚಿಗೂ ದಾಖಲೆ, ತಿದ್ದಿದರೆ ತಿದ್ದಿದ್ದಕ್ಕೂ ದಾಖಲೆ. 2013ರಲ್ಲಿ ರ‍್ಯಾನ್‌ಬ್ಯಾಕ್ಸಿ ಕಂಪನಿಯ ಅಮೆರಿಕದ ಅಂಗಸಂಸ್ಥೆ ಅಲ್ಲಿಯ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಬೇಕಾಯಿತು. ಆ ಪ್ರಕರಣದ ನಡುವೆ ಇದ್ದದ್ದು ಇದೇ ವಿಷಯ, ಪರೀಕ್ಷೆಯ ಅಂಕಿಗಳು ನಂಬುವ ಹಾಗಿರಲಿಲ್ಲ. ನಮ್ಮ ಸೀಮೆಯಿಂದ ಕ್ಯೂಸಿ ನೌಕರಿಗೆ ಹೋಗುವ ಹುಡುಗಿಗೆ ಮೊದಲ ದಿನ ಹೇಳುವುದು ಇದನ್ನೇ: ಕಂಡದ್ದನ್ನು ಬರಿ, ಬರಬೇಕಾದದ್ದನ್ನು ಬರೆಯಬೇಡ. ಆಕೆ ಕಲಿತು ಬಂದದ್ದು ತಿರುಗುಮುರುಗು.

4. ಒಂದು ಸೀರೆ, ಎರಡು ಹಂಡೆ

ಇಲ್ಲಿ ಗದ್ವಾಲಕ್ಕೆ ಬರೋಣ. ಗದ್ವಾಲ ಸೀರೆಯ ಲಕ್ಷಣ ಎಲ್ಲರಿಗೂ ಗೊತ್ತಿದ್ದದ್ದೇ. ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ, ಎರಡನ್ನೂ ಮಗ್ಗದ ಮೇಲೇ ಕೊಂಡಿ ಹಾಕಿ ಸೇರಿಸುತ್ತಾರೆ. ಕೆಮಿಸ್ಟ್ರಿಯ ಕಣ್ಣಿನಿಂದ ನೋಡಿದರೆ ಇದು ಒಂದು ಬಟ್ಟೆಯಲ್ಲಿ ಎರಡು ಪಾಠ. ಹತ್ತಿ ಅಂದರೆ ಸೆಲ್ಯುಲೋಸ್, ರೇಷ್ಮೆ ಅಂದರೆ ಪ್ರೋಟೀನ್. ರೇಷ್ಮೆಗೆ ಆಸಿಡ್ ಬಣ್ಣ ಹಾಕುವಾಗ ಹಂಡೆ ಹುಳಿ ಇರಬೇಕು. ಹತ್ತಿಗೆ ರಿಯಾಕ್ಟಿವ್ ಬಣ್ಣ ಬಳಸುವ ಕಡೆ ಹಂಡೆಗೆ ಉಪ್ಪು, ಸೋಡಾ ಬೇಕು, ಪಿಎಚ್ ಮೇಲಿರಬೇಕು. ಒಡಲಿನಲ್ಲೂ ಅಂಚಿನಲ್ಲೂ ಒಂದೇ ಛಾಯೆ ಬೇಕು ಅಂದರೆ ಬಣ್ಣಗಾರ ಎರಡು ಬೇರೆ ರಿಯಾಕ್ಷನ್‌ಗಳನ್ನು ಒಂದೇ ಕಣ್ಣಳತೆಗೆ ತರಬೇಕು.

ರಿಯಾಕ್ಟಿವ್ ಬಣ್ಣ 1950ರ ದಶಕದ ಸಂಶ್ಲೇಷಣೆ. ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ರಾಟ್ಟಿ ಮತ್ತು ಸ್ಟೀಫನ್ 1954ರಲ್ಲಿ ಕಂಡುಹಿಡಿದರು, 1956ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೂ ಮೊದಲಿನ ಬಣ್ಣಗಳು ನೂಲಿಗೆ ಅಂಟಿಕೊಂಡು ಕೂರುತ್ತಿದ್ದವು. ಇದು ನೂಲಿನ ಜೊತೆ ರಾಸಾಯನಿಕ ಬಂಧವನ್ನೇ ಮಾಡಿಕೊಳ್ಳುತ್ತದೆ. ತೊಂದರೆ ಏನು ಅಂದರೆ, ಹಂಡೆಯಲ್ಲಿ ನೂಲಿನ ಜೊತೆ ನೀರೂ ಇದೆ. ಬಣ್ಣದ ಅಣು ಸೆಲ್ಯುಲೋಸ್ ಬಿಟ್ಟು ನೀರಿನ ಜೊತೆ ಬಂಧ ಮಾಡಿಕೊಂಡರೆ ಅದು ಮತ್ತೆ ನೂಲಿಗೆ ಹತ್ತುವುದಿಲ್ಲ. ಅದಕ್ಕೆ ಹೈಡ್ರಾಲಿಸಿಸ್ ಅಂತೀವಿ. ಬಣ್ಣದ ಜಾತಿ ಮತ್ತು ವಿಧಾನ ನೋಡಿ ನೂರಕ್ಕೆ 10ರಿಂದ 50 ಪಾಲಿನವರೆಗೂ ಹೀಗೆ ಹೊರಗೆ ಹೋಗುತ್ತದೆ. ಸೀರೆ ಕೊಂಡವರು ಒಡಲಿನ ಬಣ್ಣ ನೋಡುತ್ತಾರೆ. ಬಣ್ಣದ ಮನೆಯ ಹಿಂದಿನವರು ಮೋರಿಯ ಬಣ್ಣ ನೋಡುತ್ತಾರೆ. ರಿಯಾಕ್ಷನ್ ಎರಡಕ್ಕೂ ಒಂದೇ.

ಇದನ್ನು ಎಂ.ಎಸ್ಸಿ. ಪ್ರಾಜೆಕ್ಟ್ ಆಗಿ ಹೇಗೆ ಮಾಡಬಹುದು ಅಂತ ನೋಡಿ. ಶಾಖ, ಸೋಡಾ, ಹೊತ್ತು, ಮೂರು ಅಂಶ. ನಾವು ಸಾಮಾನ್ಯವಾಗಿ ಕಲಿಸುವ ಕ್ರಮ ಒಂದನ್ನು ಬದಲಿಸು, ಮಿಕ್ಕದ್ದು ಹಾಗೇ ಇಡು ಅಂತ. ಈ ಕ್ರಮದಲ್ಲಿ ಒಂದು ದೊಡ್ಡ ಕೊರತೆ ಇದೆ: ಸೋಡಾ ಹೆಚ್ಚಿದಾಗ ಶಾಖದ ಪರಿಣಾಮವೇ ಬೇರೆ ಆಗುತ್ತದೆ ಅನ್ನುವುದು ಗೊತ್ತಾಗುವುದಿಲ್ಲ. ಎರಡು ಮಟ್ಟದಲ್ಲಿ ಮೂರೂ ಅಂಶಗಳನ್ನು ಜೋಡಿಸಿ ಎಂಟು ಪ್ರಯೋಗ ಮಾಡಿದರೆ ಪ್ರತಿಯೊಂದರ ಪರಿಣಾಮವೂ ಗೊತ್ತಾಗುತ್ತದೆ, ಒಂದರ ಮೇಲೊಂದರ ಪರಿಣಾಮವೂ ಗೊತ್ತಾಗುತ್ತದೆ. ಪ್ರಯೋಗ ವಿನ್ಯಾಸ ಅಂದರೆ ಇದೇ. ರೋಬೋಟ್ ಲ್ಯಾಬುಗಳಲ್ಲೂ ಬಹಳ ಕಡೆ ಕೆಲಸ ಮಾಡುವ ತಲೆ ಇದೇ ಲೆಕ್ಕದ್ದು. ಇದರಲ್ಲಿ ಬಳಕೆಯಾಗುವ ಆರ್ಥೋಗನಲ್ ಜೋಡಣೆಗಳನ್ನು 1940ರ ದಶಕದಲ್ಲಿ ಕೊಟ್ಟವರು ಸಿ.ಆರ್. ರಾವ್, 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ತೆಲುಗು ಮನೆತನದವರು. ಅಂಶಗಳು ಒಂದರ ಮೇಲೊಂದು ಹೆಚ್ಚು ಪರಿಣಾಮ ಮಾಡದಿದ್ದರೆ, ಅಂಥ ಜೋಡಣೆಯಲ್ಲಿ ಏಳು ಅಂಶಗಳನ್ನು ಎಂಟೇ ಪ್ರಯೋಗದಲ್ಲಿ ತೂಗಿ ನೋಡಬಹುದು. ಈ ಭಾಗದ ಮಣ್ಣಿನವರೇ ಕೊಟ್ಟ ಉಪಕರಣ, ಕಾಗದ ಪೆನ್ನು ಸಾಕು. ಆದರೂ ಕೆಮಿಸ್ಟ್ರಿ ವಿಭಾಗಕ್ಕೆ ಅದು ಸಂಖ್ಯಾಶಾಸ್ತ್ರದವರ ವಿಷಯವಾಗಿ ದೂರ ಉಳಿದಿದೆ.

ಅಳತೆಗೆ ಏನು ಬೇಕು? ಕಲರಿಮೀಟರ್. ಪದವಿ ಕಾಲೇಜಿನ ಲ್ಯಾಬಿನಲ್ಲೂ ಸಾಮಾನ್ಯವಾಗಿ ಇರುವ ಉಪಕರಣ. ಹಂಡೆಗೆ ಹಾಕುವ ಮೊದಲು ಬಣ್ಣದ ನೀರು ಎಷ್ಟು ಗಾಢ, ನೂಲು ತೆಗೆದ ಮೇಲೆ ಎಷ್ಟು, ತೊಳೆದ ನೀರಿನಲ್ಲಿ ಎಷ್ಟು. ಬೀರ್-ಲ್ಯಾಂಬರ್ಟ್ ನಿಯಮ ಹಚ್ಚಿದರೆ ನೂಲಿಗೆ ಹತ್ತಿದ್ದು, ಮೋರಿಗೆ ಹೋದದ್ದು ಎರಡೂ ಗ್ರಾಂ ಲೆಕ್ಕದಲ್ಲಿ ಸಿಗುತ್ತವೆ.

5. ಲೆಕ್ಕದಿಂದ ಬಿಟ್ಟ ನೀರು

ಎರಡನೇ ತಕರಾರು ಇನ್ನೂ ದೊಡ್ಡದು. ನಮ್ಮ ಪ್ರಾಜೆಕ್ಟ್ ವರದಿ, ಪ್ರಬಂಧ, ಪತ್ರಿಕೆಯ ಲೇಖನ ಎಲ್ಲ ಮುಗಿಯುವುದು ಇಳುವರಿಯಲ್ಲಿ. ನೂರಕ್ಕೆ 92 ಬಂತು ಅಂದರೆ ಚಪ್ಪಾಳೆ. ಆ 92 ಬರಲು ಎಷ್ಟು ಲೀಟರ್ ದ್ರಾವಕ ಹೋಯಿತು, ತೊಳೆಯಲು ಎಷ್ಟು ನೀರು ಹೋಯಿತು, ಅದು ಎಲ್ಲಿಗೆ ಹೋಯಿತು ಅನ್ನುವ ಕಾಲಂ ಇಲ್ಲ.

ರೋಜರ್ ಶೆಲ್ಡನ್ 1992ರಲ್ಲಿ ಇ-ಫ್ಯಾಕ್ಟರ್ ಅನ್ನುವ ಸರಳ ಅಳತೆ ಕೊಟ್ಟರು. ಒಂದು ಕಿಲೋ ಮಾಲು ಮಾಡಲು ಎಷ್ಟು ಕಿಲೋ ಕಸ ಆಗುತ್ತದೆ ಅನ್ನುವುದು. ಪೆಟ್ರೋಲಿಯಂ ಶುದ್ಧೀಕರಣದಲ್ಲಿ ಅದು ಒಂದಕ್ಕಿಂತ ಬಹಳ ಕಡಿಮೆ. ಔಷಧದಲ್ಲಿ 25ರಿಂದ 100, ಅದಕ್ಕೂ ಹೆಚ್ಚು. ಕಲಿಸಲು ಸುಲಭ, ಮೊದಲ ಸೆಮಿಸ್ಟರಿನಲ್ಲೇ ಕಲಿಸಬಹುದು. ಆದರೆ ಆ ಮೂಲ ಲೆಕ್ಕದಲ್ಲಿ ಶೆಲ್ಡನ್ ನೀರನ್ನು ಸೇರಿಸಿರಲಿಲ್ಲ. ನೀರು ಸೇರಿಸಿದರೆ ಸಂಖ್ಯೆ ತೀರಾ ದೊಡ್ಡದಾಗಿ ಒಂದು ಪ್ರಕ್ರಿಯೆಯನ್ನು ಇನ್ನೊಂದರ ಜೊತೆ ಹೋಲಿಸಲು ಆಗುವುದಿಲ್ಲ ಅನ್ನುವುದು ಆಗಿನ ವಾದ. ನಂತರ ಬಂದ ಅಳತೆಗಳು ನೀರನ್ನೂ ತೂಕಕ್ಕೆ ಹಾಕುತ್ತವೆ. ಈ ಬದಲಾವಣೆಯನ್ನು ಯುರೋಪಿನ ವಿದ್ಯಾರ್ಥಿ ಒಂದು ತಾಂತ್ರಿಕ ಸಂಗತಿ ಅಂತ ಓದಿಕೊಳ್ಳಬಹುದು. ಪಾಲಮೂರು ಸೀಮೆಯ ವಿದ್ಯಾರ್ಥಿ ಹಾಗೆ ಓದಲಾರ. ಬರಗಾಲಕ್ಕೂ ಗುಳೆ ಹೋಗುವುದಕ್ಕೂ ಹೆಸರಾದ ಸೀಮೆ ಇದು. ಇಲ್ಲಿ ನೀರು ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ.

ಹೈದರಾಬಾದಿನ ಅನುಭವ ಕಣ್ಣ ಮುಂದಿದೆ. ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ನೀರನ್ನು ಸಂಸ್ಕರಿಸುವ ಘಟಕದಿಂದ ಹೊರಬಂದ ನೀರನ್ನು ಸ್ವೀಡನ್ನಿನ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಸಿನ್ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಆ ಔಷಧ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು, ಅದೂ ಸಂಸ್ಕರಣೆ ಆದ ಮೇಲೆ. ಆ ಅಣುವನ್ನು ಕಟ್ಟಿದ ಕೆಮಿಸ್ಟುಗಳ ನೋಟ್‌ಬುಕ್ಕಿನಲ್ಲಿ ಇಳುವರಿ ಚೆನ್ನಾಗಿಯೇ ಇದ್ದಿರಬೇಕು.

ಈಗ ಆ ಉದ್ಯಮ ನಮ್ಮ ಹೊಸಿಲಿಗೆ ಬಂದಿದೆ. ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಯಿತು, ಅಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳು ನಿಂತವು. ಸುತ್ತಲ ಹಳ್ಳಿಗಳಿಂದ ವಾಸನೆ, ಹಳ್ಳದ ನೀರು, ದನಕರುಗಳ ಬಗ್ಗೆ ದೂರುಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಈ ಕಡೆ ನಾರಾಯಣಪೇಟೆ ಜಿಲ್ಲೆಯ ಚಿತ್ತನೂರಿನಲ್ಲಿ ಎಥನಾಲ್ ಕಾರ್ಖಾನೆ ವಿರುದ್ಧ ಜನ 2023ರಲ್ಲಿ ಬೀದಿಗಿಳಿದರು. ಗದ್ವಾಲ ಜಿಲ್ಲೆಯ ಪೆದ್ದ ಧನ್ವಾಡದಲ್ಲಿ 2025ರ ಜೂನ್‌ನಲ್ಲಿ ಎಥನಾಲ್ ಕಾರ್ಖಾನೆಯ ಜಾಗದಲ್ಲೇ ಗಲಾಟೆಯಾಗಿ ರೈತರ ಬಂಧನವೂ ಆಯಿತು. ನೀರಿಗೆ ರಾಜ್ಯದ ಗಡಿ ಗೊತ್ತಿಲ್ಲ. ಭೀಮಾ ಬಂದು ಕೃಷ್ಣೆಗೆ ಸೇರುವುದು ಇದೇ ಸೀಮೆಯಲ್ಲಿ, ಅದರ ಕೆಳಗೇ ಜುರಾಲಾ ಜಲಾಶಯ.

ಕಾರ್ಖಾನೆ ಬೇಕೋ ಬೇಡವೋ ಅನ್ನುವ ತೀರ್ಪು ನಾನು ಕೊಡ್ತಾ ಇಲ್ಲ. ನನ್ನ ಪ್ರಶ್ನೆ ತರಬೇತಿಯದು. ಈ ಜಗಳಗಳಲ್ಲಿ ಒಂದು ಕಡೆ ಕಂಪನಿಯ ವರದಿ, ಇನ್ನೊಂದು ಕಡೆ ಜನರ ಮೂಗು ಮತ್ತು ಕಣ್ಣು. ನಡುವೆ ನಿಂತು ಬಾವಿಯ ನೀರು ಅಳೆದು, ದಿನಾಂಕ ಹಾಕಿ, ಎರಡೂ ಕಡೆಯವರು ಒಪ್ಪುವ ಹಾಗೆ ಬರೆದಿಡುವವರು ಯಾರು? ಆ ಊರುಗಳಲ್ಲೇ ಎಂ.ಎಸ್ಸಿ. ಕೆಮಿಸ್ಟ್ರಿ ಮುಗಿಸಿದವರು ಇದ್ದಾರೆ. ಅವರಿಗೆ ಅಳೆಯಲು ಬರುತ್ತದೆ. ಅಳೆಯಬೇಕಾದದ್ದು ತಮ್ಮ ಊರಿನ ನೀರು ಅಂತ ಯಾವ ಪಠ್ಯಕ್ರಮವೂ ಅವರಿಗೆ ಹೇಳಿಲ್ಲ.

6. ಭಾಷೆಯ ತೊಡಕು

ಇನ್ನೊಂದು ಸಂಗತಿ ಸೇರಿಸಿ ಮುಗಿಸ್ತೇನೆ. ಗಡಿಯ ಕನ್ನಡ ಮಾಧ್ಯಮದ ಮಗು ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಇಂಟರ್‌ಮೀಡಿಯೆಟ್ಟಿಗೆ ಬಂದಾಗ ತೆಲುಗು ಮಾತಾಡುವ ತರಗತಿ, ಇಂಗ್ಲಿಷ್ ಪುಸ್ತಕ. ಎಂ.ಎಸ್ಸಿ.ಯಲ್ಲಿ ರೆಕಾರ್ಡ್ ಪೂರ್ತಿ ಇಂಗ್ಲಿಷ್. ನಕಲು ಮಾಡುವುದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ. ಕಂಡದ್ದನ್ನು ಹೇಳಲು ಇಂಗ್ಲಿಷ್ ವಾಕ್ಯ ಸಿಗದಿದ್ದಾಗ ಸಿದ್ಧವಾಗಿರುವ ವಾಕ್ಯ ಎತ್ತಿಕೊಳ್ಳುವುದು ಸಹಜ. ‘ದ್ರಾವಣ ಮೊದಲು ಹಾಲಿನ ಹಾಗಾಯಿತು, ಹತ್ತು ನಿಮಿಷಕ್ಕೆ ತಳದಲ್ಲಿ ಅಂಟು ಕೂತಿತು, ಸುಟ್ಟ ವಾಸನೆ ಬಂತು’ ಅಂತ ಕನ್ನಡದಲ್ಲಿ ಬರೆದರೆ ಅದು ಪೂರ್ಣವಾದ ವೈಜ್ಞಾನಿಕ ವೀಕ್ಷಣೆ. ಅದನ್ನೇ ಬರೆಯಲು ಬಿಡಬೇಕು. ಕಚ್ಚಾ ನೋಟ್‌ಬುಕ್ ಕನ್ನಡವೋ ತೆಲುಗೋ ಆಗಿರಲಿ, ಹೆಸರುಗಳೂ ಸಂಖ್ಯೆಗಳೂ ಇಂಗ್ಲಿಷಿನಲ್ಲಿರಲಿ. ಪಕ್ಕಾ ವರದಿಯನ್ನು ಆಮೇಲೆ ಇಂಗ್ಲಿಷಿಗೆ ತರುವುದು ಇನ್ನೊಂದು ಪಾಠ.

ಹಾಗಾದರೆ ನಾನು ಕೇಳುವುದು ನಾಲ್ಕೇ ಸಂಗತಿ. ಕೆಟ್ಟ ಪ್ರಯೋಗಕ್ಕೆ, ಕಾರಣ ಹುಡುಕಿ ಬರೆದಿದ್ದರೆ, ಪೂರ್ತಿ ಅಂಕ. ಪ್ರತಿ ರೆಕಾರ್ಡಿನಲ್ಲಿ ಇಳುವರಿಯ ಪಕ್ಕ ಕಸ ಮತ್ತು ನೀರಿನ ಕಾಲಂ. ಎರಡನೇ ಸೆಮಿಸ್ಟರಿನೊಳಗೆ ಪ್ರಯೋಗ ವಿನ್ಯಾಸದ ಒಂದು ಪಾಠ, ಸ್ಥಳೀಯ ಹಂಡೆಯ ಮೇಲೆ. ಹಾಗೂ ಎಲ್ಲ ವರ್ಷದ ನೋಟ್‌ಬುಕ್ಕುಗಳನ್ನೂ ಒಂದೇ ನಮೂನೆಯ ಪಟ್ಟಿಯಲ್ಲಿ ಕಂಪ್ಯೂಟರಿಗೆ ಏರಿಸಿ ಮುಂದಿನ ವರ್ಷದವರಿಗೆ ಕೊಡುವುದು. ಇಷ್ಟು ಮಾಡಿದ ವಿಭಾಗಕ್ಕೆ ನಾಳೆ ಫ್ಲೋ ರಿಯಾಕ್ಟರ್ ಬಂದರೆ ಅದನ್ನು ಏನಕ್ಕೆ ಹಚ್ಚಬೇಕು ಅಂತ ಗೊತ್ತಿರುತ್ತದೆ.

7. ಚರ್ಚೆ

ಪದವಿ ಕಾಲೇಜಿನ ಉಪನ್ಯಾಸಕಿಯೊಬ್ಬರು ಕೇಳಿದರು: ಸರ್, ನೀವು ಹೇಳೂದು ಖರೇ ಅದ. ಆದ್ರ ಎನ್‌ಎಂಆರ್ ಇಲ್ಲ, ಎಚ್‌ಪಿಎಲ್‌ಸಿ ಇಲ್ಲ, ಒಮ್ಮೊಮ್ಮೆ ದ್ರಾವಕನೂ ಇರಂಗಿಲ್ಲ. ಇಲ್ಲದ್ದು ಇಲ್ಲ ಅಂತ ಕೇಳೂದು ಬಿಟ್ಟು ನೋಟ್‌ಬುಕ್ಕಿನ ಮಾತಾಡಿದ್ರ, ಸರ್ಕಾರದವರಿಗೆ ಅನುಕೂಲ ಆಗಂಗಿಲ್ಲೇನ್ರಿ?

ಉತ್ತರ: ಮೇಡಂ, ನ್ಯಾಯವಾದ ಪ್ರಶ್ನೆ. ಉಪಕರಣ ಕೇಳೋದು ಬಿಡಬೇಡಿ. ನಾನು ಹೇಳೋದು ಕೇಳುವ ಕ್ರಮದ ಬಗ್ಗೆ. ‘ನಮಗೆ ಎನ್‌ಎಂಆರ್ ಬೇಕು’ ಅನ್ನುವ ಅರ್ಜಿಗಿಂತ ‘ಮೂರು ವರ್ಷದಲ್ಲಿ ಇಷ್ಟು ಪ್ರಯೋಗ ಮಾಡಿದ್ದೇವೆ, ಇಷ್ಟರಲ್ಲಿ ಏನು ತಯಾರಾಯಿತು ಅಂತ ಖಾತ್ರಿ ಮಾಡಲು ಆಗಲಿಲ್ಲ, ಪಟ್ಟಿ ಇಲ್ಲಿದೆ’ ಅನ್ನುವ ಅರ್ಜಿಗೆ ಇಲ್ಲ ಅನ್ನುವುದು ಕಷ್ಟ. ಆ ಪಟ್ಟಿ ಇದ್ದರೆ ಹೈದರಾಬಾದಿನ ಸಂಸ್ಥೆಗಳ ಜೊತೆಗೂ ಸಮಾನವಾಗಿ ಕೂತು ಮಾತಾಡಬಹುದು.

ನೇಕಾರ ಮನೆತನದ ಸಂಶೋಧನಾ ವಿದ್ಯಾರ್ಥಿಯೊಬ್ಬರು: ಬಣ್ಣದ ಹಂಡಿ ಮ್ಯಾಲ ಪ್ರಾಜೆಕ್ಟ್ ಮಾಡ್ರಿ ಅಂತೀರಿ. ನಮ್ಮ ಮಂದಿ ಬಣ್ಣದ ಲೆಕ್ಕ ಯಾರಿಗೂ ಹೇಳಂಗಿಲ್ರಿ. ಅದು ಅವರ ಅನ್ನ. ಬರದಿಟ್ರ ನಾಳೆ ಇನ್ನೊಬ್ರು ಒಯ್ತಾರ.

ಉತ್ತರ: ಈ ಎಚ್ಚರಿಕೆ ಬೇಕೇ ಬೇಕು. ಅವರ ಛಾಯೆಯ ಗುಟ್ಟು ನಮಗೆ ಬೇಡ. ವಿದ್ಯಾರ್ಥಿ ಅಂಗಡಿಯಲ್ಲಿ ಸಿಗುವ ಬಣ್ಣ, ತನ್ನದೇ ನೂಲಿನ ಲಡಿ ತಂದು ಲ್ಯಾಬಿನಲ್ಲಿ ಮಾಡಲಿ. ಬಣ್ಣ ಎಷ್ಟು ಮೋರಿಗೆ ಹೋಗುತ್ತದೆ ಅನ್ನುವ ಲೆಕ್ಕವನ್ನು ಮಾತ್ರ ಬಣ್ಣಗಾರರ ಮುಂದೆ ಇಡಲಿ. ಅದು ಅವರಿಗೆ ದುಡ್ಡಿನ ಲೆಕ್ಕ. ಕೊಂಡ ಬಣ್ಣದಲ್ಲಿ ಮೂರನೇ ಒಂದು ಪಾಲು ಚೆಲ್ಲುತ್ತಿದ್ದೇವೆ ಅಂತ ತೋರಿಸಿದರೆ ಯಾರೂ ಬಾಗಿಲು ಹಾಕುವುದಿಲ್ಲ. ಅವರಿಂದ ಕೇಳಿ ತಿಳಿದದ್ದನ್ನು ಪ್ರಕಟಿಸುವ ಮೊದಲು ಅವರ ಒಪ್ಪಿಗೆ ತೆಗೆದುಕೊಳ್ಳಬೇಕು, ಅವರ ಹೆಸರು ಹಾಕಬೇಕೋ ಬೇಡವೋ ಅವರೇ ಹೇಳಬೇಕು.

ಮಕ್ತಲ್ ಕಡೆಯ ನಿವೃತ್ತ ಶಿಕ್ಷಕರೊಬ್ಬರು: ನಮ್ಮ ಹುಡುಗ್ರು ನೀರು ಅಳದು ಬರದ್ರ, ನಾಳೆ ಅದೇ ಕಂಪನ್ಯಾಗ ನೌಕರಿ ಕೇಳಬೇಕಲ್ರಿ? ಅವರ ಕಡಿ ಯಾರು ನಿಂದರ್ತಾರ?

ಉತ್ತರ: ಇದಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ ಗುರುಗಳೇ. ಒಬ್ಬ ವಿದ್ಯಾರ್ಥಿಯ ಹೆಸರಲ್ಲಿ ಅಳತೆ ಬಂದರೆ ಅವನು ಒಂಟಿಯಾಗ್ತಾನೆ. ಅದಕ್ಕೇ ಅದು ವಿಭಾಗದ ಕೆಲಸ ಆಗಬೇಕು. ಪ್ರತಿ ವರ್ಷ, ಪ್ರತಿ ತಂಡ, ಅವೇ ಬಾವಿ, ಅವೇ ಹಳ್ಳ, ಮಳೆಗಾಲದ ಮೊದಲು ಒಮ್ಮೆ, ಆಮೇಲೆ ಒಮ್ಮೆ. ಜಗಳ ಶುರುವಾದ ಮೇಲೆ ಅಳೆದರೆ ಅದು ಒಂದು ಪಕ್ಷ ಆಗುತ್ತದೆ. ಮೊದಲಿನಿಂದ ಅಳೆಯುತ್ತಾ ಬಂದರೆ ಅದು ಪಾಠ. ಕಾರ್ಖಾನೆ ಬರುವ ಮೊದಲು ಆ ಬಾವಿಯ ನೀರು ಹೇಗಿತ್ತು ಅಂತ ಬರೆದಿಟ್ಟ ಒಂದು ಪುಟ ಎಷ್ಟೋ ಊರುಗಳಲ್ಲಿ ಇಲ್ಲ. ಇನ್ನೂ ಕಾರ್ಖಾನೆ ಬಾರದ ಊರುಗಳಲ್ಲಿ ಆ ಪುಟವನ್ನು ಈ ವರ್ಷದ ಎಂ.ಎಸ್ಸಿ. ವಿದ್ಯಾರ್ಥಿಗಳು ಬರೆಯಬಹುದು. ಸಮಯ ಮುಗಿದಿದೆ ಅಂತ ಸಂಚಾಲಕರು ಹೇಳ್ತಾ ಇದ್ದಾರೆ.